ಅಮ್ಮನ ಕಾಫಿ ಲೋಟ ಅಳೆದ ಮೇಲೆ: ಮೂಳೆಗೆ ಬೇಕಾದ ಕ್ಯಾಲ್ಸಿಯಂ ಲೆಕ್ಕ ಮನೆಯಲ್ಲೇ

ಕಳೆದ ವರ್ಷ ಆಷಾಢದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದಳು. ಮೆಟ್ಟಿಲಿಂದಲ್ಲ, ಅಟ್ಟದಿಂದಲ್ಲ, ನಿಂತಲ್ಲೇ ಬಿದ್ದದ್ದು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದನ್ನು ಬರೀ ಅಪಘಾತ ಅಂತ ಬಿಡಬಾರದು, ಮೂಳೆ ಸವೆದಿರುವ ಸೂಚನೆ ಅದು ಎಂದ ಡಾಕ್ಟರು, "ದಿನಕ್ಕೆ ಹಾಲು ಎಷ್ಟು ತಗೋತೀರಮ್ಮ?" ಎಂದು ಕೇಳಿದರು.

"ಹಾಲಿಗೇನು ಕಮ್ಮಿ ಡಾಕ್ಟ್ರೇ, ಮೂರು ಹೊತ್ತು ಕಾಫಿ, ಎರಡು ಹೊತ್ತು ಮಜ್ಜಿಗೆ" ಅಂದಳು.

ಮನೆಗೆ ಬಂದವಳೇ ನಾನು ಆ ಕಾಫಿ ಲೋಟವನ್ನು ಅಳೆದೆ. ಮಗುವಿನ ಸಿರಪ್ ಬಾಟಲಿಯ ಅಳತೆ ಮುಚ್ಚಳದಲ್ಲಿ ನೀರು ತುಂಬಿ ತುಂಬಿ ಸುರಿದರೆ ಲೋಟಕ್ಕೆ ಹಿಡಿದದ್ದು 120 ಮಿ.ಲೀ. ಅದರಲ್ಲಿ ಅರ್ಧ ಡಿಕಾಕ್ಷನ್ನು, ಅರ್ಧ ಹಾಲು. ಮೂರು ಹೊತ್ತು ಸೇರಿ 180 ಮಿ.ಲೀ. ಹಾಲು. ಮಜ್ಜಿಗೆಯಂತೂ ಒಂದು ಸೌಟು ಮೊಸರಿಗೆ ಒಂದು ಚೊಂಬು ನೀರು. ಮೂಳೆಯ ವಿಷಯದಲ್ಲಿ ನಮ್ಮ ಮನೆಗಳು ಎಡವುವುದು ಇಲ್ಲೇ. ಏನು ತಿನ್ನಬೇಕು ಎಂದು ಎಲ್ಲರಿಗೂ ಗೊತ್ತು, ಎಷ್ಟು ಹೊಟ್ಟೆಗೆ ಹೋಗುತ್ತಿದೆ ಎಂದು ಯಾರೂ ಅಳೆದಿರುವುದಿಲ್ಲ. ಹಾಗಾಗಿ ಅಳತೆಯಿಂದಲೇ ಶುರು ಮಾಡೋಣ.

ನಿಮಗೆ ಬೇಕಾದದ್ದು ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಪಟ್ಟಿ ನಮ್ಮ ದೇಶದವರಿಗಾಗಿಯೇ ಮಾಡಿದ್ದು. ದೊಡ್ಡವರಿಗೆ, ಹೆಣ್ಣಾಗಲಿ ಗಂಡಾಗಲಿ, ದಿನಕ್ಕೆ 1000 ಮಿಲಿಗ್ರಾಂ. ಮುಟ್ಟು ನಿಂತ ಹೆಂಗಸರಿಗೆ, ಹಾಲುಣಿಸುವ ತಾಯಂದಿರಿಗೆ, ವಯಸ್ಸಾದವರಿಗೆ 1200. ಒಂದರಿಂದ ಮೂರು ವರ್ಷದ ಮಕ್ಕಳಿಗೆ 500, ಏಳರಿಂದ ಒಂಬತ್ತಕ್ಕೆ 650, ಹತ್ತರಿಂದ ಹನ್ನೆರಡಕ್ಕೆ 850. ಹದಿಮೂರು ದಾಟಿದರೆ ಮಕ್ಕಳಿಗೂ ದೊಡ್ಡವರಷ್ಟೇ ಬೇಕು, 16ರಿಂದ 18ಕ್ಕೆ ಇನ್ನೂ ಒಂದು 50 ಹೆಚ್ಚು. ಹಳೆಯ ಪುಸ್ತಕದಲ್ಲೋ ಕ್ಲಿನಿಕ್ಕಿನ ಗೋಡೆಯ ಪಟದಲ್ಲೋ ದೊಡ್ಡವರಿಗೆ 600 ಎಂದು ಕಂಡರೆ ಅದು 2010ರ ಲೆಕ್ಕ, ಬಿಟ್ಟುಬಿಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬಂದಿದೆ, ನನಗೇನೂ ಇಲ್ಲ" ಎಂದು ನೆಮ್ಮದಿಯಾಗಿರುವವರು ಬಹಳ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಪಾಲು ಮೂಳೆ, ಹಲ್ಲಿನಲ್ಲಿದೆ. ಉಳಿದ ಒಂದು ಪಾಲಿನ ಮೇಲೆ ಹೃದಯ, ಸ್ನಾಯು, ನರಗಳ ಕೆಲಸವೆಲ್ಲ ನಿಂತಿದೆ. ಹಾಗಾಗಿ ರಕ್ತದ ಮಟ್ಟ ಇಳಿಯಲು ಮೈ ಬಿಡುವುದೇ ಇಲ್ಲ. ಊಟದಲ್ಲಿ ಸಾಲದಾದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯಿಂದ ಕಿತ್ತು ರಕ್ತಕ್ಕೆ ಕೊಡುತ್ತದೆ. ರಿಪೋರ್ಟು ಚೆನ್ನಾಗಿಯೇ ಬರುತ್ತದೆ, ಸವೆಯುವುದು ಮೂಳೆ.

ಒಂದು ದಿನದ ಊಟ ಬರೆದಿಡಿ

ಹಬ್ಬ, ಮದುವೆಮನೆ ಇಲ್ಲದ ಒಂದು ಮಾಮೂಲಿ ದಿನ ಆರಿಸಿಕೊಳ್ಳಿ. ನೆನಪಿನಿಂದ ಬರೆಯಬೇಡಿ, ತಿಂದ ಹೊತ್ತಿಗೇ, ಅಳೆದು ಬರೆಯಿರಿ. ಅಮ್ಮನ ದಿನ ಹೀಗಿತ್ತು: ಕಾಫಿಯ ಹಾಲಿನಿಂದ 215 (ನೂರು ಮಿ.ಲೀ. ಹಾಲಿಗೆ 120 ಎಂದು ಹಿಡಿದರೆ), ಎರಡು ಹೊತ್ತಿನ ಮಜ್ಜಿಗೆಯಲ್ಲಿದ್ದ ನೂರು ಗ್ರಾಂ ಮೊಸರಿಗೆ 120, ಬೆಳಗಿನ ಉಪ್ಪಿಟ್ಟಿಗೆ ಒಂದು 30, ಸಾರಿನ ಬೇಳೆಗೆ 20, ಹುರುಳಿಕಾಯಿ ಪಲ್ಯಕ್ಕೆ 50, ಎರಡು ಹೊತ್ತಿನ ಅನ್ನಕ್ಕೆ 20. ಕೂಡಿದರೆ 455. ಬೇಕಾದದ್ದು 1200.

ಅನ್ನದ ಸಾಲು ನೋಡಿ. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತರ ಆಸುಪಾಸು. ಅಷ್ಟೇ ರಾಗಿಯಲ್ಲಿ 350ರ ಮೇಲೆ. ತುಮಕೂರು ಕಡೆಯ ಹಳ್ಳಿಯಲ್ಲಿ ಎರಡು ಹೊತ್ತು ಮುದ್ದೆ ಉಂಡು ಬೆಳೆದ ಅಮ್ಮ, ಬೆಂಗಳೂರಿಗೆ ಬಂದ ಮೇಲೆ ಎರಡು ಹೊತ್ತೂ ಅನ್ನಕ್ಕೆ ಬಂದಿದ್ದಳು. ಕಷ್ಟ ಕಳೆದು ಅನುಕೂಲವಾಯಿತು ಅನ್ನುವುದಕ್ಕೆ ಆಗ ಅದೇ ಗುರುತು. ಬೇರೇನೂ ಬದಲಾಗದೆ, ತಟ್ಟೆಯಲ್ಲಿ ಮುದ್ದೆ ಹೋಗಿ ಅನ್ನ ಬಂದದ್ದಕ್ಕೇ ದಿನಕ್ಕೆ ಐನೂರಕ್ಕೂ ಹೆಚ್ಚು ಮಿಲಿಗ್ರಾಂ ಕೈತಪ್ಪಿತ್ತು.

ಕೊರತೆಯನ್ನು ಅಡುಗೆಮನೆಯಲ್ಲೇ ತುಂಬಿಸುವುದು

ರಾಗಿಯಿಂದ ಹಿಡಿಯೋಣ. ನಮ್ಮ ಮನೆಯ ಒಂದು ಮುದ್ದೆಗೆ ಹಿಟ್ಟು ತೂಗಿದರೆ 80 ಗ್ರಾಂ. ಅಂದರೆ 290 ಮಿಲಿಗ್ರಾಂ. ಆದರೆ ಇದರಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನವರು ಮಾಡುತ್ತಿದ್ದ ಎರಡು ಕೆಲಸ ಈ ಹಿಡಿತವನ್ನು ಸಡಿಲಿಸುತ್ತವೆ: ಹುಳಿ ಬರಿಸುವುದು, ಮೊಳಕೆ ಕಟ್ಟುವುದು. ರಾತ್ರಿ ಕಲಸಿಟ್ಟು ಬೆಳಿಗ್ಗೆ ಕುಡಿಯುವ ಹುಳಿ ಅಂಬಲಿ ಮೊದಲನೆಯದು. ಎರಡನೆಯದಕ್ಕೆ ರಾಗಿಯನ್ನು ತೊಳೆದು, ಕಲ್ಲು ಗಾಲಿಸಿ, ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಮಿಲ್ಲಿಗೆ ಕೊಡಿ. ಕೂಸಿನ ಸರಿಗಾದರೆ ಬಟ್ಟೆಯಲ್ಲಿ ಸೋಸಲೇಬೇಕು. ದೊಡ್ಡವರ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಯಬೇಡಿ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಆ ಕೆಂಪು ಸಿಪ್ಪೆಯಲ್ಲೇ, ಜರಡಿಯಲ್ಲಿ ಉಳಿದ ತೌಡು ಎಮ್ಮೆಗೆ ಹೋದರೆ ಮೂಳೆ ಎಮ್ಮೆಯದೇ ಗಟ್ಟಿಯಾದೀತು.

ಹಾಲು, ಮೊಸರಿನ ಹೆಚ್ಚುಗಾರಿಕೆ ಅಂಕಿಯಲ್ಲಿಲ್ಲ, ಮೈಗೆ ಹತ್ತುವುದರಲ್ಲಿದೆ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಮೂರರಲ್ಲೊಂದು ಪಾಲು ರಕ್ತಕ್ಕೆ ಸೇರುತ್ತದೆ. ಕೆನೆ ತೆಗೆದರೆ ಶಕ್ತಿ ಹೋಯಿತು ಅನ್ನುವವರಿಗೆ ಒಂದು ಸಮಾಧಾನ: ಕ್ಯಾಲ್ಸಿಯಂ ಕೆನೆಯಲ್ಲಿಲ್ಲ, ತಳದ ಹಾಲಿನಲ್ಲಿದೆ. ಬೆಣ್ಣೆ ಕಡೆದ ಮೇಲೆ ಉಳಿಯುವುದು ಮಜ್ಜಿಗೆಯಲ್ಲಿ. ತುಪ್ಪದಲ್ಲಿ ಇಲ್ಲವೇ ಇಲ್ಲ. ಮೂಳೆಗೆ ಅಂತ ಹೇಳಿ ಹೋಳಿಗೆಗೆ ಎರಡು ಚಮಚ ಹೆಚ್ಚು ಬಡಿಸಿಕೊಳ್ಳಬೇಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ, ಮಜ್ಜಿಗೆಯನ್ನು ಗಟ್ಟಿಯಾಗಿ ಮಾಡಿಕೊಳ್ಳಲಿ.

ಸೊಪ್ಪಿನಲ್ಲಿ ಮೋಸ ಹೋಗುವುದು ಪಾಲಕ್ ವಿಷಯದಲ್ಲಿ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ಅಂಶ ಅದರಲ್ಲಿ ಎಷ್ಟಿದೆಯೆಂದರೆ ಇರುವ ಅಲ್ಪ ಕ್ಯಾಲ್ಸಿಯಂನಲ್ಲೂ ನೂರಕ್ಕೆ ಐದು ಪಾಲು ಮಾತ್ರ ಮೈಗೆ ಸಿಗುತ್ತದೆ. ಪಾಲಕ್ ತಿನ್ನಿ, ಆದರೆ ಕ್ಯಾಲ್ಸಿಯಂ ಲೆಕ್ಕಕ್ಕೆ ಬರೆಯಬೇಡಿ. ದಂಟು, ಹರಿವೆಯಲ್ಲಿ ನೂರು ಗ್ರಾಂಗೆ 300 ದಾಟಿದರೂ ಆಕ್ಸಲೇಟ್ ಅಲ್ಲೂ ಇದೆ, ಅರ್ಧ ಬರೆದುಕೊಳ್ಳಿ. ನುಗ್ಗೆಸೊಪ್ಪು, ಮೆಂತ್ಯಸೊಪ್ಪು ಇವಕ್ಕಿಂತ ನಂಬಿಕಸ್ಥರು. ಅಗಸೆ ಸೊಪ್ಪಿನಲ್ಲಿ ನೂರು ಗ್ರಾಂಗೆ 900ರಷ್ಟಿದೆ. ಇಲ್ಲೊಂದು ಹೆಸರಿನ ಗೊಂದಲ: ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯ ಬೀಜ ಬೇರೆ, ವೀಳ್ಯದೆಲೆ ತೋಟದಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವ ಅಗಸೆ ಮರ ಬೇರೆ. ನಾನು ಹೇಳುತ್ತಿರುವುದು ಆ ಮರದ ಸೊಪ್ಪು. ಕಹಿ ಇದೆ, ಬೇಳೆ ಜೊತೆ ಪಲ್ಯ ಮಾಡಿ, ಕಾಯಿ ಸ್ವಲ್ಪ ಧಾರಾಳವಾಗಿ ಹಾಕಿ. ಕರಿಬೇವಿನಲ್ಲೂ 600ರ ಮೇಲಿದೆ, ಆದರೆ ಒಗ್ಗರಣೆಯ ಎಂಟು ಎಲೆಯನ್ನು ತಟ್ಟೆಯ ಅಂಚಿಗೆ ಸರಿಸಿಡುವ ನಮಗೆ ಅದರಿಂದ ಏನು ಬಂತು? ಚಟ್ನಿಪುಡಿ ಮಾಡಿದರೆ ಉಂಟು.

ಎಳ್ಳು ಹತ್ತು ಗ್ರಾಂ, ಅಂದರೆ ತುಂಬಿದ ಒಂದು ದೊಡ್ಡ ಚಮಚ, 120 ಕೊಡುತ್ತದೆ. ಸಿಪ್ಪೆ ಇರುವ ಎಳ್ಳೇ ಆಗಬೇಕು. ಸಿಪ್ಪೆ ತೆಗೆದು ಬೆಳ್ಳಗೆ ಮಾಡಿದ್ದರಲ್ಲಿ ಬಹುಪಾಲು ಹೋಗಿರುತ್ತದೆ. ಸಿಪ್ಪೆಯಲ್ಲಿ ಆಕ್ಸಲೇಟೂ ಇರುವುದರಿಂದ ಎಳ್ಳನ್ನು ಮೇಲೋಗರ ಅಂದುಕೊಳ್ಳಿ, ಹಾಲು ರಾಗಿಯ ಜಾಗಕ್ಕೆ ತರಬೇಡಿ. ಸಂಕ್ರಾಂತಿಯ ದಿನ ಎಳ್ಳು ಬೀರಿ ವರ್ಷವಿಡೀ ಮರೆಯುವ ಬದಲು ಡಬ್ಬಿಯಲ್ಲಿ ಎಳ್ಳುಪುಡಿಯೋ ಗುರೆಳ್ಳು ಪುಡಿಯೋ ಇರಲಿ. ಹುರುಳಿಯಲ್ಲಿ ನೂರು ಗ್ರಾಂಗೆ 270ರಷ್ಟಿದೆ. ಕಟ್ಟಿನ ಸಾರು ರುಚಿ ನಿಜ, ಆದರೆ ಬೆಂದ ಕಾಳನ್ನು ಬಿಸಾಡದೆ ಬಸ್ಸಾರಿನ ಹಾಗೆ ಪಲ್ಯಕ್ಕೆ ತನ್ನಿ. ಕರಾವಳಿಯವರಿಗೆ ಹೇಳಬೇಕಾದ್ದೇನಿಲ್ಲ: ಸಣ್ಣ ಮೀನನ್ನು ಮುಳ್ಳು ಸಮೇತ ಮೆತ್ತಗೆ ಬೇಯಿಸಿ ತಿಂದರೆ ಆ ಮುಳ್ಳೇ ಕ್ಯಾಲ್ಸಿಯಂ. ದೊಡ್ಡ ಮೀನಿನ ತುಂಡಿನಿಂದ ಅದು ಸಿಗದು.

ಮೂಳೆ ಮುರಿದವರಿಗೆ ಕಾಲು ಸೂಪು ತಂದುಕೊಡುವ ನೆಂಟರನ್ನು ಬೇಸರ ಮಾಡಬೇಡಿ. ಸೂಪು ಬಿಸಿಬಿಸಿಯಾಗಿ ಹಿತವೇ. ಆದರೆ ಕುದಿಸಿದ ನೀರಿಗೆ ಮೂಳೆಯ ಕ್ಯಾಲ್ಸಿಯಂ ಇಳಿಯುವುದು ತೀರಾ ಕಡಿಮೆ. ಮೊಟ್ಟೆಯದೂ ಅದೇ ಕತೆ, ಇರುವುದೆಲ್ಲ ಚಿಪ್ಪಿನಲ್ಲಿ.

ಇನ್ನು ಮೊಬೈಲಿನಲ್ಲಿ ಸುತ್ತುವ "ಗೋಧಿಕಾಳಿನಷ್ಟು ಸುಣ್ಣ ಮೊಸರಿಗೆ ಹಾಕಿ ತಿನ್ನಿ" ಎಂಬ ಸಲಹೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ಸುಳ್ಳಲ್ಲ. ಆದರೆ ಅದು ಸುಡುವ ಕ್ಷಾರ, ಅಳತೆ ತಪ್ಪಿದರೆ ಬಾಯಿ, ಅನ್ನನಾಳ ಬೇಯುತ್ತದೆ, ಗೋಡೆಗೆ ಬಳಿಯುವ ಸುಣ್ಣದಲ್ಲಿ ಏನೇನು ಬೆರೆತಿದೆಯೋ ಯಾರೂ ನೋಡಿರುವುದಿಲ್ಲ. ಎಲೆ ಜೊತೆ ಸವರಿಕೊಂಡು ತಿನ್ನುವ ಅಭ್ಯಾಸಕ್ಕೆ ಅಡಿಕೆ ಅಂಟಿಕೊಂಡೇ ಬರುತ್ತದೆ, ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ. ಈ ದಾರಿ ಬೇಡ.

ತಿಂದದ್ದು ಮೂಳೆಗೆ ಸೇರಬೇಕಲ್ಲ

ಅದಕ್ಕೆ ವಿಟಮಿನ್ ಡಿ ಬೇಕು. ಊಟದಲ್ಲಿ ಅದು ಸಿಗುವುದು ಕಡಿಮೆ, ಬಿಸಿಲೇ ದಾರಿ. "ಎಳೆ ಬಿಸಿಲು ಒಳ್ಳೆಯದು" ಎಂದು ಬೆಳಿಗ್ಗೆ ಏಳಕ್ಕೆ ಟೆರೇಸಿನ ಮೇಲೆ ಕೂರುವವರಿಗೆ ಹಿತ ಸಿಗುತ್ತದೆ, ವಿಟಮಿನ್ ಡಿ ಸಿಗುವುದಿಲ್ಲ ಎನ್ನುವಷ್ಟು ಕಡಿಮೆ. ಅದನ್ನು ಮಾಡಿಸುವ ಕಿರಣ ನೆಲ ಮುಟ್ಟುವುದು ಸೂರ್ಯ ಮೇಲೇರಿದಾಗ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರಬೇಕು, ಅಷ್ಟೇ ಗುರುತು. ಹತ್ತೂವರೆ ಹನ್ನೊಂದರ ಹೊತ್ತಿಗೆ ಕೈ, ಕಾಲು, ಮುಖಕ್ಕೆ ಇಪ್ಪತ್ತು ನಿಮಿಷ, ವಾರದಲ್ಲಿ ನಾಲ್ಕೈದು ದಿನ. ಕಪ್ಪು ಮೈಬಣ್ಣದವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಕಿಟಕಿಯ ಗಾಜಿನೊಳಗಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ. ಸಂಡಿಗೆ ಒಣಹಾಕುವ ಹೊತ್ತೇ ಒಳ್ಳೆಯ ಹೊತ್ತು ಅಂದುಕೊಳ್ಳಿ.

ಸಂಡಿಗೆ ಅಂದಾಗ ಉಪ್ಪು ನೆನಪಾಯಿತು. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಉಪ್ಸಾರಿನ ಖಾರ ಒಟ್ಟಿಗೆ ಇರುವ ಊಟದಲ್ಲಿ ಇದು ಸುಲಭವಲ್ಲ, ಗೊತ್ತು. ಕಾಫಿಯ ಬಗ್ಗೆ ಅಷ್ಟು ಹೆದರಬೇಕಿಲ್ಲ. ಒಂದು ಲೋಟ ಕಾಫಿಯಿಂದ ಹೋಗುವುದು ಎರಡು ಮೂರು ಮಿಲಿಗ್ರಾಂ, ಒಂದು ಚಮಚ ಹಾಲು ಹೆಚ್ಚು ಬಿದ್ದರೆ ತೀರಿತು.

ನೀರಿನ ಮಾತನ್ನೂ ಸೇರಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಆರ್‌ಓ ಯಂತ್ರ ಅದನ್ನು ತೆಗೆದುಹಾಕುತ್ತದೆ. ಹಾಗಂತ ಆರ್‌ಓ ಕಿತ್ತುಹಾಕಬೇಡಿ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದು ಮೂಳೆಯಲ್ಲಿ ಕೂತು ಮೂಳೆಯನ್ನೇ ಕೆಡಿಸುತ್ತದೆ, ಕ್ಯಾಲ್ಸಿಯಂ ಕೊರತೆ ಇರುವವರಿಗೆ ಹಾನಿ ಇನ್ನೂ ಹೆಚ್ಚು. ಅಲ್ಲಿ ಫ್ಲೋರೈಡ್ ತೆಗೆದ ನೀರೇ ಕುಡಿಯಿರಿ, ಕ್ಯಾಲ್ಸಿಯಂ ತಟ್ಟೆಯಿಂದ ಬರಲಿ.

ಮೂಳೆಗೆ ಭಾರ ಬೇಕು ಎನ್ನುವುದನ್ನು ಮರೆಯುತ್ತೇವೆ. ನಡಿಗೆ, ಮೆಟ್ಟಿಲು ಹತ್ತುವುದು, ಕೊಡ ಎತ್ತುವುದು ಮೂಳೆಗೆ ಕೆಲಸ. ಈಜು ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟಕ್ಕಷ್ಟೇ. ಮೂಳೆ ಸವೆದಿದೆ ಎಂದು ಈಗಾಗಲೇ ಗೊತ್ತಾದವರು ಯೋಗ ತರಗತಿಯಲ್ಲಿ ಪೂರ್ತಿ ಮುಂದೆ ಬಾಗುವ ಆಸನ ಬಿಡಬೇಕು, ಬೆನ್ನುಮೂಳೆ ಕುಸಿಯುವ ಅಪಾಯವಿದೆ.

ಯಾವ ವಯಸ್ಸಿನಲ್ಲಿ ಯಾವುದರ ಮೇಲೆ ಕಣ್ಣಿಡಬೇಕು

ಮೂಳೆ ತುಂಬಿಕೊಳ್ಳುವುದು ಮೂವತ್ತರ ಒಳಗೆ, ಅದರಲ್ಲೂ ಬಹುಪಾಲು ಇಪ್ಪತ್ತು ತುಂಬುವ ಮೊದಲೇ. ಹಾಗಾಗಿ ನನ್ನ ಮಟ್ಟಿಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಮನ ಕೊಡಬೇಕಾದವರು ಅಜ್ಜಿಯಲ್ಲ, ಹನ್ನೆರಡರಿಂದ ಹದಿನೆಂಟರ ಹುಡುಗಿ. ದಪ್ಪ ಆಗುತ್ತೇನೆ ಎಂದು ಹಾಲು ಬಿಟ್ಟು, ಟ್ಯೂಷನ್ನಿಗೆ ಹೊತ್ತಾಯಿತು ಎಂದು ತಿಂಡಿ ಬಿಟ್ಟು ಓಡುವವಳು ಅವಳೇ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಸಿಗುತ್ತಿದೆ. ಅದು ಸುಮಾರು 180 ಮಿಲಿಗ್ರಾಂ, ದಿನದ ಲೆಕ್ಕದಲ್ಲಿ ಒಂದು ಕಂತು. ಶಾಲೆಯಲ್ಲಿ ಕುಡಿದಿದ್ದಾನೆ ಎಂದು ಮನೆಯಲ್ಲಿ ನಿಲ್ಲಿಸಬೇಡಿ.

ಗರ್ಭಿಣಿಯರಿಗೆ ಸರ್ಕಾರದ ಮಾರ್ಗಸೂಚಿಯೇ ಇದೆ: 14ನೇ ವಾರದಿಂದ ಶುರು ಮಾಡಿ, ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆ 500ರ ಎರಡು ಮಾತ್ರೆ, ಊಟದ ಜೊತೆ. ಬರೀ ಮೂಳೆಗಲ್ಲ, ಗರ್ಭಿಣಿಯರ ರಕ್ತದೊತ್ತಡ ಏರುವ ಅಪಾಯವೂ ಇದರಿಂದ ತಗ್ಗುತ್ತದೆ. ಬಾಣಂತಿಗೆ ಸೊಪ್ಪು ಬೇಡ, ಮೊಸರು ಶೀತ ಎಂದು ಕಟ್ಟುಮಾಡುವ ಮನೆಗಳಲ್ಲಿ ಅತ್ತೆಯವರ ಜೊತೆ ಜಗಳ ಬೇಡ. ಬಿಸಿ ಹಾಲು, ರಾಗಿ ಗಂಜಿ, ಹುರಿದ ಎಳ್ಳಿನ ಉಂಡೆಗೆ ಯಾರದ್ದೂ ತಕರಾರಿರುವುದಿಲ್ಲ.

ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಕ್ಯಾಲ್ಸಿಯಂ ಒಂದರಿಂದಲೇ ಅದನ್ನು ತಡೆಯಲಾಗದು. ಆದರೆ ಅದೂ ಇಲ್ಲದಿದ್ದರೆ ಬೇರೆ ಔಷಧಿಯೂ ಸರಿಯಾಗಿ ಕೆಲಸ ಮಾಡದು.

ಮಾತ್ರೆ ತಗೊಳ್ಳುವವರು ಸ್ಟ್ರಿಪ್ ತಿರುಗಿಸಿ ಓದಿ

ಅಮ್ಮನ ಮಾತ್ರೆಯ ಮುಂದೆ 1250 ಎಂದಿತ್ತು. ಒಂದರಲ್ಲೇ ದಿನದ ಪಾಲು ಬಂತು ಅಂದುಕೊಂಡಿದ್ದಳು. ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ. ಅದರೊಳಗೆ ನಿಜವಾದ ಕ್ಯಾಲ್ಸಿಯಂ 500 ಮಾತ್ರ. "ಎಲಿಮೆಂಟಲ್ ಕ್ಯಾಲ್ಸಿಯಂ" ಎಂದು ಸಣ್ಣಕ್ಷರದಲ್ಲಿ ಬರೆದಿರುವುದೇ ನಿಮಗೆ ಬೇಕಾದ ಅಂಕಿ.

ಅವಳು ಇನ್ನೂ ಒಂದು ತಪ್ಪು ಮಾಡುತ್ತಿದ್ದಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಮರೆತುಹೋದೀತು ಅಂತ ಅದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆ. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಾಲ್ಕು ಗಂಟೆಯಾದರೂ ಅಂತರ ಬೇಕು. ಕಾರ್ಬೊನೇಟಿಗೆ ಹೊಟ್ಟೆಯ ಆಮ್ಲ ಬೇಕಾದ್ದರಿಂದ ಅದನ್ನು ಊಟದ ಜೊತೆ ತಗೊಳ್ಳಬೇಕು, ಖಾಲಿ ಹೊಟ್ಟೆಗಲ್ಲ. ಒಂದೇ ಕೆಲಸದಲ್ಲಿ ಎರಡೂ ಮಾತ್ರೆ ದಂಡ. ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ಇಡಿ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ತರಹದ್ದು ದಿನಾ ನುಂಗುವವರು ಸಿಟ್ರೇಟ್ ರೂಪದ ಕ್ಯಾಲ್ಸಿಯಂ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಒಮ್ಮೆಗೆ 500ಕ್ಕಿಂತ ಹೆಚ್ಚು ನುಂಗಿದರೆ ಹೆಚ್ಚಿನದು ಮೈಗೆ ಹತ್ತುವುದಿಲ್ಲ.

ವಿಟಮಿನ್ ಡಿಯ 60,000 ಯೂನಿಟ್ಟಿನ ಸ್ಯಾಷೆ ವಾರಕ್ಕೊಂದು ಎಂದು ಡಾಕ್ಟರು ಬರೆದರೆ, ಎಷ್ಟು ವಾರ ಎಂದೂ ಬರೆದಿರುತ್ತಾರೆ. ಚೀಟಿ ಹಳೆಯದಾದರೂ ಅಂಗಡಿಯಲ್ಲಿ ತರಿಸಿ ವರ್ಷಗಟ್ಟಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು.

ಕಿಡ್ನಿ ಕಲ್ಲು ಆದವರು ಹಾಲು ಮೊಸರು ಬಿಡುವುದು ಹಳೆಯ ತಪ್ಪು. ಊಟದಲ್ಲಿ ಬರುವ ಕ್ಯಾಲ್ಸಿಯಂ, ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಮಾತ್ರೆಯ ವಿಷಯ ಮಾತ್ರ ಡಾಕ್ಟರನ್ನು ಕೇಳಿಯೇ ನಿರ್ಧರಿಸಿ.

ಪರೀಕ್ಷೆ ಯಾವಾಗ?

ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಚೀಟಿ ಕೊಡುತ್ತಾರಲ್ಲ, ಅದು ಅಂದಾಜು. ಸರಿಯಾದದ್ದು ಸೊಂಟ, ಬೆನ್ನುಮೂಳೆಗೆ ಮಾಡುವ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿ ಎಂದು ಎಕ್ಸ್‌ರೇಯಿಂದ ಅಳೆಯುವುದು. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಮುಟ್ಟು ಬೇಗ ನಿಂತವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಗೊಂಡವರು, ಸಣ್ಣ ಬೀಳುವಿಕೆಗೆ ಮೂಳೆ ಮುರಿದುಕೊಂಡವರು, ಸೀರೆ ನೆಲಕ್ಕೆ ತಾಕುತ್ತಿದೆಯಲ್ಲ ಎನ್ನುವಷ್ಟು ಕುಳ್ಳಗಾದವರು ಮಾಡಿಸಿಕೊಳ್ಳಿ.

ಅಮ್ಮನ ಈಗಿನ ದಿನ: ಬೆಳಿಗ್ಗೆ 30 ಗ್ರಾಂ ರಾಗಿ ಹಿಟ್ಟಿಗೆ 150 ಮಿ.ಲೀ. ಹಾಲು ಹಾಕಿದ ಗಂಜಿ, 290. ಮಧ್ಯಾಹ್ನ ಗಟ್ಟಿ ಮೊಸರು 150 ಗ್ರಾಂ, 180. ನುಗ್ಗೆಸೊಪ್ಪಿನ ಪಲ್ಯ 150, ಎಳ್ಳುಪುಡಿ 120. ಎರಡೇ ಕಾಫಿ, 145. ರಾತ್ರಿ ಅರ್ಧ ಮುದ್ದೆ, 145. ಬೇಳೆ, ತರಕಾರಿ ಸೇರಿ ಇನ್ನೊಂದು ನೂರು. ಒಟ್ಟು 1130. ಸೊಪ್ಪು ಇಲ್ಲದ ದಿನ ಸಾವಿರಕ್ಕೆ ಇಳಿಯುತ್ತದೆ. ಎರಡು ಮಾತ್ರೆಯಿದ್ದದ್ದನ್ನು ಡಾಕ್ಟರು ಒಂದಕ್ಕೆ ಇಳಿಸಿದ್ದಾರೆ, ರಾತ್ರಿ ಊಟದ ಜೊತೆ. ಬಚ್ಚಲಿಗೆ ಗೋಡೆಯ ಹಿಡಿ ಹಾಕಿಸಿ, ಒರಟು ಚಾಪೆ ಹಾಸಿದ್ದೇವೆ. ಅರ್ಧ ಮುದ್ದೆಯ ಬಗ್ಗೆ ಮಾತ್ರ ಅವಳಿಗೆ ಇನ್ನೂ ತಕರಾರು: "ತಕ್ಕಡಿ ತಂದಾಗಿನಿಂದ ಈ ಮನೇಲಿ ಮುದ್ದೆ ನಿಂಬೆಹಣ್ಣಿನಷ್ಟಾಗಿದೆ."